ಮಗ್ಗದ ಕುಣಿ, ಬೇವಿನ ಬೇರು

ಹೋದ ವಾರ ಹೊಸ ನಲ್ಲಿಯ ಪೈಪು ಹಾಕಿಸಲು ಅಂಗಳದ ಸಿಮೆಂಟು ಒಡೆಸಬೇಕಾಯಿತು. ಗಾರೆ ಕೆಲಸದ ಗೌಂಡಿ ಹಾರೆ ಹಾಕಿ ಒಂದು ತುಂಡು ಎಬ್ಬಿಸಿದ್ದೇ ತಡ, ಒಳಗಿನಿಂದ ತಣ್ಣನೆಯ ಹಸಿಮಣ್ಣಿನ ವಾಸನೆ ಬಂತು. ಇಳಕಲ್ಲಿನ ಬಿರುಬಿಸಿಲಿನಲ್ಲಿ ನಿಂತಿದ್ದ ನನಗೆ ಎದುರುಮನೆ ದೊಡ್ಡವ್ವನ ಮಗ್ಗದ ಕೋಣೆಗೆ ಕಾಲಿಟ್ಟಂತಾಯಿತು...

ಆಕೆಯದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದಳು. ಸಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಓಡುತ್ತಿದ್ದೆ. ಮುದ್ದಿಗಿಂತ ಬೈಗುಳವೇ ಹೆಚ್ಚು ಸಿಗುತ್ತಿತ್ತು. ಆದರೂ ಆ ಕೋಣೆಯ ತಂಪು ನಮ್ಮ ಮನೆಯ ಫ್ಯಾನಿನ ಕೆಳಗೆ ಇರಲಿಲ್ಲ.

ಒಂದು ವರ್ಷ ದೊಡ್ಡಪ್ಪ, ಹಬ್ಬಕ್ಕೆ ಮನೆ ಚೆಂದ ಕಾಣಲಿ, ಇರುವೆ ಕಾಟವೂ ತಪ್ಪಲಿ ಎಂದು ಕುಣಿಯ ಒಳಗೆಲ್ಲ ಸಿಮೆಂಟು ಬಳಿಸಿಬಿಟ್ಟ. ಬೇಸಿಗೆ ಬಂತು. ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿಯತೊಡಗಿದವು. ನೇಯುವುದಕ್ಕಿಂತ ಗಂಟು ಹಾಕುವುದೇ ಕೆಲಸವಾಯಿತು. ದೊಡ್ಡವ್ವ ಮೊದಲು ನೂಲಿನವನ ಮೇಲೆ ಹರಿಹಾಯ್ದಳು, ಬೇರೆ ನೂಲು ತರಿಸಿದಳು. ಅದೂ ಹರಿಯಿತು. ಆಮೇಲೆ ಒಂದು ಮಧ್ಯಾಹ್ನ ಕುಣಿಯಲ್ಲಿ ಬರಿಗಾಲು ಊರಿ ನೆಲ ಒತ್ತಿ ನೋಡಿದಳು.

"ಕಾಲಿಗೆ ತಂಪ ಹತ್ತವಲ್ತು. ನೆಲದ ಬಾಯಿ ಮುಚ್ಚೀರಿ ನೀವು," ಎಂದವಳೇ ಎದ್ದು ಹಾರೆ ತಂದಳು. ದೊಡ್ಡಪ್ಪ ಕೂಗಾಡುತ್ತಿದ್ದಂತೆಯೇ ಸಿಮೆಂಟೆಲ್ಲ ಕಿತ್ತುಹಾಕಿದಳು. ಮಣ್ಣಿನ ಪಸೆ ಮತ್ತೆ ಕೋಣೆಯ ಗಾಳಿಗೆ ಸೇರಿತು. ಒಣಗಿ ಬಿರುಸಾಗಿದ್ದ ಎಳೆ ಮೆತ್ತಗಾಗಿ, ಹರಿಯುವುದು ನಿಂತಿತು.

ಮುಂದೆ ಓಣಿಗೆ ಸಿಮೆಂಟಿನ ರಸ್ತೆ ಬಂದಾಗ, ಆಕೆಯ ಬಾಗಿಲಿನ ಬೇವಿನಮರದ ಬುಡದವರೆಗೂ ಸುರಿಯುವವರಿದ್ದರು. ಕೆಸರು ತಪ್ಪುತ್ತದೆಂದು ಓಣಿಗೆಲ್ಲ ಖುಷಿ. ದೊಡ್ಡವ್ವ ಮಾತ್ರ ನೂಲು ಸುತ್ತುವ ರಾಟೆ ತಂದಿಟ್ಟುಕೊಂಡು ಬುಡದ ಮಣ್ಣಿನಲ್ಲೇ ಕೂತುಬಿಟ್ಟಳು.

"ಏಳ್ರಿ ಯವ್ವಾ, ಒಂದ್ ಗಿಡಕ್ಕ ಇಷ್ಟ್ಯಾಕ ಹಠ?" ಎಂದ ಮೇಸ್ತ್ರಿ.

"ಬರೇ ಗಿಡ ಅಲ್ಲೋ ತಮ್ಮಾ. ಇದರ ನೆರಳಿಗೆ ನೆಲ ಒಣಗಂಗಿಲ್ಲ. ಎಲಿ ಬಿದ್ದು ಕೊಳೀತಾವ, ಹುಳ ಮಣ್ಣು ಸಡಿಲ ಮಾಡ್ತಾವ, ಮಳಿನೀರು ಒಳಗ ಇಳೀತೈತಿ. ಆ ಪಸಿನ ನನ್ನ ಕುಣಿಗೆ ಬರೂದು. ಸೆರಗಿನ ಕೊಂಡಿ ಇದ್ದಂಗ ಇದು. ಒಂದ್ ಬಿಚ್ಚಿದ್ರ ಸೆರಗ ಕೈಗೆ ಬರ್ತೈತಿ."

ನಮ್ಮೂರ ಸೀರೆಯಲ್ಲಿ ಮೈಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಮೇಸ್ತ್ರಿಯ ತಲೆಗೆ ಅದು ಹೋಯಿತೋ ಇಲ್ಲವೋ... ಸಂಜೆಯಾದರೂ ಆಕೆ ಏಳಲಿಲ್ಲ. ಕಡೆಗೆ ಅವನೇ ಸೋತು, ಬುಡದ ಸುತ್ತ ಮಂಚದಗಲ ಮಣ್ಣು ಬಿಟ್ಟು ಕೆಲಸ ಮುಗಿಸಿದ. ಹಠಮಾರಿ ಎಂದು ಆಡಿಕೊಂಡವರೇ ಬೇಸಿಗೆಯಲ್ಲಿ ಅಲ್ಲಿ ಹೊರಸು ಹಾಕಿಕೊಂಡು ಮಲಗಿದರು.

ದೊಡ್ಡವ್ವ ಹೋಗಿ ವರ್ಷಗಳಾದವು. ಕುಣಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ, ಮಕ್ಕಳದೀಗ ಪವರ್‌ಲೂಮ್. ಬೇವು ಇನ್ನೂ ಇದೆ.

"ಅಕ್ಕಾರ, ಬೇರು ಅಡ್ಡ ಬಂತ್ರಿ. ಕಡೀಲೇನು?" ಗೌಂಡಿ ಕೂಗಿದ.

ಬಗ್ಗಿ ನೋಡಿದೆ. ತೋಳಿನಷ್ಟು ದಪ್ಪದ ಬೇವಿನ ಬೇರು. ಆಕೆಯ ಬಾಗಿಲಿನಿಂದ ರಸ್ತೆಯ ಅಡಿಗೆ ನುಸುಳಿ ನಮ್ಮ ಅಂಗಳಕ್ಕೆ ಬಂದಿತ್ತು, ಮೈತುಂಬ ಹಸಿಮಣ್ಣು. ಓಡಿಹೋಗಿ ಹೇಳಬೇಕೆನಿಸಿತು. ಹೇಳಲು ಆ ಮನೆಯಲ್ಲಿ ಆಕೆಯಿಲ್ಲ...

"ಬ್ಯಾಡ್ರಿ. ಪೈಪ್ ಸುತ್ತು ಹಾಕ್ರಿ," ಎಂದೆ.

"ಆಮ್ಯಾಲೆ ಸಿಮೆಂಟ್ ಮುಚ್ಚಲೇನ್ರಿ?"

"ಅದೂ ಬ್ಯಾಡ್ರಿ. ಉಳಿದದ್ದನ್ನೂ ಎಬ್ಬಿಸ್ರಿ."