ಮೂಡಣ ಮನೆಯಲ್ಲಿಟ್ಟ ಗಂಟು

ಗಂಟಿಗೆ ನಾಲ್ಕು ಕಿವಿಗಳಿದ್ದವು. ಅವುಗಳಲ್ಲಿ ಒಂದು ಮಾತ್ರ ಉದ್ದ. ನನ್ನ ಹಳೆಯ ನೀಲಿ ರವಿಕೆ, ಒಂದು ಅರಿಶಿನದ ಕೊಂಬು, ಹಿಡಿ ಅಕ್ಕಿ. ಇಷ್ಟನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದವಳು ಅಜ್ಜಿ. ಕಣ್ಣಿಗೆ ಪೊರೆ ಬಂದಿದ್ದರಿಂದ ಅವಳಿಗೆ ತುದಿಗಳು ಸಮ ಬಂದಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ ಅದು. ಮಲಯಾದ ರಬ್ಬರ್ ತೋಟಗಳಲ್ಲಿ ಕೂಲಿಗೆಂದು ಹೋಗಿ ಸತ್ತವರ ಮಕ್ಕಳು ಅಲ್ಲಿನ ಒಂದು ಅನಾಥಾಲಯದಲ್ಲಿದ್ದರು. ಬಿ.ಎ. ಮುಗಿಸಿದ್ದ ನಾನು ಸಂಬಳವಿಲ್ಲದೆ ಒಂದು ವರ್ಷ ಅವರನ್ನು ನೋಡಿಕೊಳ್ಳಲು ಒಪ್ಪಿದ್ದೆ. ನನ್ನನ್ನು ಆರಿಸಿದ ಹೆಂಗಸು ಅಲ್ಲಿಗೆ ಹೋಗಿಬಂದವರು. “ಆ ಮಕ್ಕಳು ಕೂಗಿದರೆ ತಿರುಗಿ ನೋಡುವುದಿಲ್ಲ. ಕಿವಿ ಕೇಳುತ್ತದೆ, ಆದರೂ” ಎಂದಿದ್ದರು. ನನಗೆ ಅದು ಆಗ ಅರ್ಥವಾಗಲಿಲ್ಲ.

ಒಳ್ಳೆಯ ದಿನ ಗುರುವಾರ. ಮದರಾಸಿನ ರೈಲು ಶನಿವಾರ. ಅದಕ್ಕಾಗಿ ನಮ್ಮಲ್ಲಿ ಪ್ರಸ್ಥಾನ ಇಡುತ್ತಾರೆ. ಹೋಗುವವರ ಗಂಟನ್ನು ಒಳ್ಳೆಯ ದಿನವೇ ಹೋಗುವ ದಿಕ್ಕಿನ ಮನೆಯೊಂದರಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾದಂತೆ. ಗಂಟು ಮನೆಗೆ ವಾಪಸು ಬಂದರೆ ಪ್ರಯಾಣ ಮುರಿದಂತೆ. ನನ್ನ ಗಂಟು ಊರಿನ ಮೂಡಣ ತುದಿಯ ಮನೆಗೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಬಾವಿಯ ಬಳಿ ಆ ಮನೆಯಾಕೆ ನಕ್ಕಳು. “ಏನವ್ವಾ, ನೆನ್ನೇನೇ ಹೊಂಟೋದೋಳು ಇಲ್ಲೇ ನೀರು ಸೇದ್ತಿದೀಯ? ಹಡಗಲ್ಲಿ ಜಾಗ ಸಿಗಲಿಲ್ವಾ?”

ಅಜ್ಜಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. “ಗಂಟು ಹೋದ್ಮೇಲೆ ಅವಳು ಹೋದಂಗೇ. ಯಾರೂ ಹೆಸರು ಹಿಡಿದು ಕೂಗಬ್ಯಾಡಿ. ಅರ್ಧ ದಾರೀಲಿ ತಿರುಗಿಬಿಡ್ತಾಳೆ” ಎಂದಳು. ಮಧ್ಯಾಹ್ನ ಅಮ್ಮ ತಟ್ಟೆಗಳನ್ನಿಟ್ಟಾಗ ನನ್ನದಿರಲಿಲ್ಲ. ಅದನ್ನು ಕಂಡು ಅವಳೇ ಬೆಚ್ಚಿದಳು. ನಾನೇ ತಟ್ಟೆ ತಂದುಕೊಂಡೆ.

ಮುಸ್ಸಂಜೆಗೆ ಅಜ್ಜಿ ನಡುಮನೆಯ ಕಂಬಕ್ಕೊರಗಿ ಕೂತಿದ್ದಳು. “ಅಜ್ಜಿ” ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಗಾಳಿಯ ಸದ್ದಿಗೆಂಬಂತೆ ಕತ್ತು ಸ್ವಲ್ಪ ಓರೆ ಮಾಡಿ ಅಮ್ಮನಿಗೆ ಹೇಳಿದಳು: “ಅವಳ ದನಿ ಇನ್ನೂ ಮನೇಲೇ ಐತಲ್ಲೇ. ಬಾಗಿಲು ತೆಗೆದಿಡು, ಹೋಗ್ಲಿ.”

ನನ್ನನ್ನು ಸಾಕಿದವಳು ಅವಳು. ಹೊಸ್ತಿಲಲ್ಲಿ ಮಲಗಿದ್ದ ನಾಯಿ ನನ್ನನ್ನು ಬಿಟ್ಟು ನನ್ನ ಹಿಂದಿನ ಗೋಡೆಯನ್ನು ನೋಡುತ್ತಿತ್ತು. ನಾನು ಕಂಬದ ಮೇಲೆ ಕೈಯಿಟ್ಟೆ. ಕಂಬ ಒರಟಾಗಿತ್ತು, ನಾನಿನ್ನೂ ಇಲ್ಲೇ ಇದ್ದೇನೆಂದು ತಿಳಿಯಲು ಅಷ್ಟು ಸಾಕಾಯಿತು.

“ಬದುಕಿರೋ ಮಗೀನ ಹಿಂಗೆ ಕಳಿಸ್ತಾರೇನತ್ತೆ?” ಅಮ್ಮ ಎದ್ದಳು. “ಹೋಗೋದೂ ಬ್ಯಾಡ, ಏನೂ ಬ್ಯಾಡ. ಆ ಗಂಟು ತಂದ್ಬಿಡ್ತೀನಿ.”

ನಾನು ತಡೆಯಬಹುದಿತ್ತು. ತಡೆಯಲಿಲ್ಲ. ತಂದರೆ ತರಲಿ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ.

ಅಮ್ಮ ಬರಿಗೈಯಲ್ಲಿ ಬಂದಳು. “ಎತ್ಕೊಂಡೆ ಕಣೆ” ಎಂದಳು. “ಬೆಚ್ಚಗಿತ್ತು. ಈಗತಾನೇ ಮೈಮೇಲಿಂದ ತೆಗೆದ ರವಿಕೆ ಹಂಗೆ. ಅಲ್ಲೇ ಇಟ್ಟು ಬಂದ್ಬಿಟ್ಟೆ.”

ಗಂಟಿಟ್ಟಿದ್ದ ಕೋಣೆ ನನಗೆ ಗೊತ್ತು. ಅಲ್ಲಿ ಕಿಟಕಿಯಿಲ್ಲ, ಒಲೆ ಮನೆಯ ಇನ್ನೊಂದು ಬದಿಗಿದೆ. ಗಂಟಿಗೆ ಬಿಸಿಲೂ ಬೆಂಕಿಯೂ ತಗಲುವಂತಿರಲಿಲ್ಲ. ಅಂದು ರಾತ್ರಿ ಅಮ್ಮ ನನ್ನನ್ನು ಊಟಕ್ಕೆ ಕರೆದಾಗ ತೆರೆದ ಬಾಗಿಲಿನ ಕಡೆ ನೋಡುತ್ತಾ ಕರೆದಳು. ನಾನಿದ್ದದ್ದು ಅವಳ ಹಿಂದೆ. ಓಗೊಡಬೇಕೋ ಬೇಡವೋ ತಿಳಿಯದೆ ಸುಮ್ಮನೆ ನಿಂತೆ. ತಿರುಗಿ ನೋಡದ ಆ ಮಕ್ಕಳ ನೆನಪಾದದ್ದು ಆಗ.

ಬೆಳಿಗ್ಗೆ ಅಪ್ಪ ಗಾಡಿ ಕಟ್ಟಿದರು. ಅಜ್ಜಿಯ ಕಾಲು ಮುಟ್ಟಿದೆ. ಅವಳು ಚಳಿಯಾದವಳಂತೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಹೊರಟಾಗ ಹಿಂದಿನಿಂದ ಯಾರೂ ಕೂಗಲಿಲ್ಲ. ಮೂಡಣ ಮನೆಯ ಕತ್ತಲೆ ಕೋಣೆಗೆ ಹೋಗಿ ಗಂಟನ್ನು ಎತ್ತಿಕೊಂಡೆ. ತಣ್ಣಗಿತ್ತು. ಸೆರಗಿನೊಳಗೆ ಎದೆಗೊತ್ತಿ ಹಿಡಿದು, ಉದ್ದದ ಕಿವಿಯನ್ನು ಬೆರಳಿಗೆ ಸುತ್ತಿಕೊಂಡು ಗಾಡಿ ಹತ್ತಿದೆ. ದಾರಿಯಲ್ಲಿನ ಅನುಗೊಂಡನಹಳ್ಳಿ ದಾಟಿ, ಗಂಟು ಬೆಚ್ಚಗಾಗುವವರೆಗೂ ಕೆಳಗಿಡಲಿಲ್ಲ.