ಮೂಲೆಯವರೆಗೂ ತಳ್ಳಿದ ಕಾರು

ಸುಟ್ಟ ಆಯಿಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಮೊನ್ನೆ ಅಪ್ಪನನ್ನು ಕೂರಿಸಿಕೊಂಡು ಹರಿಹರಕ್ಕೆ ಹೋಗುವಾಗ ಮುಂದಿದ್ದ ಟೆಂಪೊ ಒಂದು ನೀಲಿ ಹೊಗೆ ಉಗುಳಿತು. ಅಪ್ಪ ಕಿಟಕಿಯ ಗಾಜು ಏರಿಸಿದರು. ನಾವು ಹೊರಟಿದ್ದದ್ದೂ ಆ ವಾಸನೆಯ ಜೊತೆ ನೆನಪಾಗುವವರ ಮನೆಗೇ... ನಮ್ಮ ಪಕ್ಕದ ಮನೆಯ ಮಾವ ತೀರಿಕೊಂಡಿದ್ದರು.

ಸಂಬಂಧದಲ್ಲಿ ಅವರು ಮಾವನೇನೂ ಅಲ್ಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮದೂ ಅವರದೂ ಒಂದೇ ಕಾಂಪೌಂಡ್ ಗೋಡೆ. ಅವರು ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಅಪ್ಪ ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಲ್ಲಿ ಸೋರಲಿ, ಮಿಕ್ಸಿ ಕೆಡಲಿ, ಅಪ್ಪನನ್ನು ಕೇಳದೆ ಮಾವ ಕೈ ಹಚ್ಚುತ್ತಿರಲಿಲ್ಲ. ಅಪ್ಪ ಹೇಳಿದರೆ ಅವರಿಗೆ ಮುಗಿಯಿತು, ಇನ್ನೊಂದು ಮಾತಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮ ಹಳೇ ಬಿಳಿ ಕಾರಿನ ದಮ್ಮು ಹೋಯಿತು. ಅಪ್ಪ ಅದನ್ನು ಹರಿಹರದ ಗ್ಯಾರೇಜೊಂದಕ್ಕೆ ಒಯ್ದರು; ನಾನೂ ಹೋಗಿದ್ದೆ. ಮೆಕ್ಯಾನಿಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಒಂದೊಂದೇ ತೂತಿಗೆ ಒತ್ತಡ ಅಳೆಯುವ ಮೀಟರ್ ಒತ್ತಿ ಹಿಡಿದು, ಅಪ್ಪನಿಗೆ ಎಂಜಿನ್ ತಿರುಗಿಸಲು ಹೇಳಿದ. ಉಳಿದ ಸಿಲಿಂಡರ್‌ಗಳಲ್ಲಿ ಮುಳ್ಳು ಮೇಲೆ ಹೋಗಿ ನಿಂತಿತು. ಮೂರನೆಯದರಲ್ಲಿ ಅರ್ಧಕ್ಕೇ ಕೂತುಬಿಟ್ಟಿತು. ಅವನು ಆ ತೂತಿಗೆ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ಹಿಡಿದ. ಈಗ ಮುಳ್ಳು ಏರಿತು. ಪಿಸ್ಟನ್ನಿನ ರಿಂಗು ಸವೆದು ಗಾಳಿ ಸೋರುತ್ತಿದೆ, ಆಯಿಲ್ ಇರುವಷ್ಟು ಹೊತ್ತು ಸಂದು ಮುಚ್ಚಿರುತ್ತದೆ, ಆಮೇಲೆ ಯಥಾಪ್ರಕಾರ, ಎಂಜಿನ್ ಬಿಚ್ಚಲೇಬೇಕು, ಇಲ್ಲದಿದ್ದರೆ ಆಯಿಲ್ ಸುಟ್ಟು ನೀಲಿ ಹೊಗೆ ಉಗುಳುತ್ತಲೇ ಇರುತ್ತದೆ ಎಂದ. ಯೋಚಿಸಿ ಹೇಳುತ್ತೇನೆಂದು ಅಪ್ಪ ಮನೆಗೆ ಬಂದರು.

ಏನು ಯೋಚಿಸಿದರೆಂದು ಆಮೇಲೆ ಗೊತ್ತಾಯಿತು. ಹರಿಹರದಲ್ಲಿದ್ದ ಮಾವನ ತಾಯಿಗೆ ಲಕ್ವ ಹೊಡೆದಿತ್ತು. ಅವರನ್ನು ದಾವಣಗೆರೆಯ ಆಸ್ಪತ್ರೆಗೆ ಕರೆತಂದು ಬಿಡಲು ಮಾವ ಒಂದು ಹಳೇ ಕಾರು ಹುಡುಕುತ್ತಿದ್ದರು. ಅಪ್ಪ ನಮ್ಮದನ್ನೇ ತೋರಿಸಿದರು. ನಮ್ಮ ಕಡೆ ಗೆಳೆಯನ ಗಾಡಿ ಕೊಳ್ಳುವವರು ಮೆಕ್ಯಾನಿಕ್‌ನನ್ನು ಕರೆತರುವುದಿಲ್ಲ. ಕರೆತಂದರೆ ಕೊಡುವವನ ಮುಖಕ್ಕೆ ಹೊಡೆದಂತೆ. ಮಾವನೂ ಬೇಡವೆಂದೇ ಅಂದರು. ಪಟ್ಟು ಹಿಡಿದದ್ದು ಅಪ್ಪ! ಪರೀಕ್ಷೆ ಮಾಡಿಸದೆ ಕೀಲಿ ಕೊಡುವುದಿಲ್ಲ ಎಂದು ಸರಸ್ವತಿ ನಗರದಿಂದ ಬೇರೊಬ್ಬ ಮೆಕ್ಯಾನಿಕ್‌ನನ್ನು ತಾವೇ ಕರೆಸಿದರು. ಮೂರನೆಯ ಸಿಲಿಂಡರಿನಲ್ಲೂ ಮುಳ್ಳು ಜೋರಾಗಿ ಏರಿತು. ನಾನು ಅಪ್ಪನ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ.

ಮೆಕ್ಯಾನಿಕ್ ಆ ಸಿಲಿಂಡರಿನ ಪ್ಲಗ್ಗನ್ನು ಬೆಳಕಿಗೆ ಹಿಡಿದು, ಇದೊಂದಕ್ಕೆ ಯಾಕೆ ಇಷ್ಟು ಆಯಿಲ್ ಮೆತ್ತಿದೆ ಎಂದು ಶುರು ಮಾಡಿದ. ಮಾವ ಅವನ ಭುಜದ ಮೇಲೆ ಕೈಯಿಟ್ಟರು.

“ಸಾಕು ಬಿಡಪ್ಪ. ಅವ್ರು ಚಲೋ ಐತೆ ಅಂದ್ರಲ್ಲ, ಮುಗೀತು.”

ಸಂಜೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಆಯಿಲ್ ಮೆತ್ತಿದ ಇಂಜೆಕ್ಷನ್ ಸಿರಿಂಜ್ ಬಿದ್ದಿತ್ತು. ಮುಳ್ಳು ಏರಿದ್ದು ಹೇಗೆಂದು ಆಗ ತಿಳಿಯಿತು. ಅವ್ವನಿಗೂ ಹೇಳಲಿಲ್ಲ.

ಕಾರು ಪಕ್ಕದ ಗೇಟಿಗೆ ಹೋದ ಮೇಲೆ ಒಂದು ವಿಚಿತ್ರ ಕಂಡೆ. ಬೆಳಿಗ್ಗೆ ಮಾವ, ಅತ್ತೆ ಇಬ್ಬರೂ ಸೇರಿ ಅದನ್ನು ಬೀದಿಯ ಮೂಲೆಯವರೆಗೂ ತಳ್ಳುತ್ತಿದ್ದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನಿಂದ, ಮಾವ ಸ್ಟೇರಿಂಗ್ ಹಿಡಿದು ಪಕ್ಕದಿಂದ. ತಿರುವು ದಾಟಿದ ಮೇಲೆ ಚಾಲೂ ಆದ ಸದ್ದು ಕೇಳುತ್ತಿತ್ತು. ಬ್ಯಾಟರಿ ಹೋಗಿರಬೇಕೆಂದು ಒಂದು ದಿನ ನಾನೂ ಕೈ ಹಚ್ಚಿದೆ, ಹಾಗೆಂದು ಕೇಳಿಯೂ ಬಿಟ್ಟೆ. ಅತ್ತೆ ದನಿ ತಗ್ಗಿಸಿದರು.

“ಬ್ಯಾಟ್ರಿ ಚಲೋನೇ ಐತವ್ವ. ಗೇಟ್‌ನಾಗೇ ಚಾಲೂ ಮಾಡಿದ್ರೆ ಹೊಗೆ ನಿಮ್ಮಪ್ಪಾರಿಗೆ ಕಾಣ್ತೈತೆ. ಪೇಪರ್ ಓದ್ಕಂತ ಕಟ್ಟೆ ಮ್ಯಾಲೆ ಕುಂತಿರ್ತಾರಲ್ಲ, ಮನಸ್ಸಿಗೆ ಹಚ್ಕಂತಾರೆ ಅಂತಾರೆ ಇವ್ರು.”

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತೇ ಅಪ್ಪನಿಗೆ ಹೇಳಿದೆ. ಹೋಗಿ ತಪ್ಪಾಯಿತು ಅನ್ನಿ ಎಂದು ಜಗಳವನ್ನೇ ಆಡಿದೆ. ಅಪ್ಪ ಮರುದಿನದಿಂದ ಪೇಪರನ್ನು ಹಿತ್ತಲಲ್ಲಿ ಕೂತು ಓದತೊಡಗಿದರು, ಅಷ್ಟೇ ಅವರು ಮಾಡಿದ್ದು. ಕಟ್ಟೆ ಖಾಲಿಯಿದ್ದರೂ ಮಾವ ತಳ್ಳುವುದನ್ನು ಬಿಡಲಿಲ್ಲ...

ಕೊನೆಗೆ ಆ ಕಾರು ಗುಜರಿಗೆ ಹೋಯಿತು. ಮಾವ ಇಲ್ಲಿಯ ಮನೆ ಬಿಟ್ಟು ತಾಯಿಯ ಹತ್ತಿರ ಹರಿಹರಕ್ಕೇ ಹೋದರು. ಹೇಳಿಹೋಗಲು ಬಂದಾಗ ಅಪ್ಪ ಬಚ್ಚಲು ಸೇರಿದವರು ಹೊರಗೆ ಬರಲೇ ಇಲ್ಲ. ಮಾವ ಬಹಳ ಹೊತ್ತು ಕೂತಿದ್ದರು. ಅವ್ವ ಎರಡನೇ ಸಲ ಚಹಾ ಕೊಟ್ಟಳು. ಮಾವ ಕುಡಿದಿಟ್ಟ ಲೋಟ ಎತ್ತುವ ನೆಪದಲ್ಲಿ ನಾನು ಒಳಗೆ ಹೋಗಿ ಬಚ್ಚಲ ಬಾಗಿಲು ಬಡಿದೆ. ಒಳಗೆ ನೀರಿನ ಸದ್ದೂ ಇರಲಿಲ್ಲ.

ಮೊನ್ನೆ ಅತ್ತೆ ನಮಗೆ ಚಾಪೆ ಹಾಸಿದರು. ಮಾವನ ಫೋಟೊ ಎದುರಿಗೇ ಇತ್ತು. ಅದೇ ಸಂಕೋಚದ ನಗು. ಅಪ್ಪ ಅತ್ತ ನೋಡಲಾರದೆ ಕೈ ಹಿಸುಕಿಕೊಳ್ಳುತ್ತಾ, ಇಷ್ಟು ವರ್ಷಗಳ ಮೇಲೆ, ಬಾಯಿ ತೆರೆದರು.

“ತಂಗಿ, ಆ ಕಾರಿನಾಗ ನಾನು...”

ಅತ್ತೆ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

“ಗೊತ್ತೈತಣ್ಣಾ. ನೀವು ಬಂದು ಒಂದ್ ಮಾತು ಹೇಳ್ತೀರಂತ ಅವ್ರು ಭಾಳ ವರ್ಷ ಕಾದ್ರು. ಈಗ ನನ್ನ ಮುಂದೆ ಹೇಳ್ಬ್ಯಾಡ್ರಿ.”

ಅಪ್ಪ ತಲೆಯಾಡಿಸಿ ಎದ್ದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅತ್ತರು. ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ.