ನ್ಯಾಮತಿಯಲ್ಲಿ ನಾನು ಹಾಕಿದ ಬೀಗ

ಓದಿದ ಮೇಲೆ ಕಟ್ಟುಕಥೆ ಅನ್ನುವವರು ಅನ್ನಲಿ. ನನ್ನ ಹೆಂಡತಿಯೇ ಅಂದಿದ್ದಾಳೆ. ಆದರೆ ಆ ರಾತ್ರಿ ಆ ಕುರ್ಚಿಯಲ್ಲಿ ಕೂತಿದ್ದವನು ನಾನು... ಆ ವಾಸನೆಯನ್ನು ಉಸಿರಾಡಿದವನೂ ನಾನೇ. ದೆವ್ವ ಭೂತ ಅಂದರೆ ನಗುತ್ತಿದ್ದ ಆಸಾಮಿ ನಾನು. ಈಗಲೂ ನನಗೆ ಹೆದರಿಕೆಗಿಂತ ಹೇಸಿಗೆಯೇ ಜಾಸ್ತಿ. ಮೂರು ವರ್ಷವಾಯಿತು, ಇನ್ನೂ ಕೋಳಿ ಸಾರು ಮುಟ್ಟಿಲ್ಲ.

ಚನ್ನಗಿರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜನರಿಗೆ ವೆಬ್‌ಸೈಟ್ ಮಾಡಿಕೊಡುವುದು, ಆಮೇಲೆ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊನ್ನಾಳಿಯ ಕಲ್ಯಾಣ ಮಂಟಪದವರು, ಜಗಳೂರಿನ ಶಾಲೆಯವರು, ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು, ಹೀಗೆ ಗಿರಾಕಿಗಳು. ಅವರಲ್ಲೊಬ್ಬ ನ್ಯಾಮತಿಯ ಮಹೇಶಣ್ಣ. ಹೆಣ್ಣುಮಕ್ಕಳನ್ನು ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ, ಮುದುಕರನ್ನು ನೋಡಿಕೊಳ್ಳುವುದಕ್ಕೆ ಕಳಿಸುವ ಏಜೆನ್ಸಿ ಅವನದು.

ಅವತ್ತು ಸಂಜೆ ಫೋನ್ ಮಾಡಿ ಗೋಗರೆದ. "ನನ್ನ ಸೈಟ್ ತೆಗೆದ್ರೆ ಸಾಕು, ಸುರಕ್ಷಿತ ಅಲ್ಲ ಅಂತ ಬರ್ತೈತೆ ರೀ. ಜಗಳೂರು ಕಡೆ ಒಬ್ರು ಮಗಳ ಅರ್ಜಿ ತುಂಬಾಕೆ ಒಲ್ಲೆ ಅಂತಾರೆ. ಸೈಟಿನ ವಿಳಾಸದ ಪಕ್ಕ ಬೀಗದ ಗುರುತು ಕಂಡ್ರೆ ಮಾತ್ರ ತುಂಬ್ತೀನಿ ಅಂತ ಹಟ ಹಿಡಿದಾರೆ. ಇವತ್ತು ರಾತ್ರಿನೇ ಆಗ್ಬೇಕು."

ಅವನು ಫೋನ್ ಇಟ್ಟ ಹತ್ತು ನಿಮಿಷಕ್ಕೆ ಆ ಜಗಳೂರಿನವರೇ ನನಗೆ ಫೋನ್ ಮಾಡಿದರು. ಹೆಸರು ತಿಪ್ಪೇಸ್ವಾಮಿ.

"ಸರ್, ನಮ್ಮೂರ ಶಾಲೆಗೆ ಬಂದು ಇಂಟರ್ನೆಟ್ ಮೋಸದ ಬಗ್ಗೆ ಮಾತಾಡಿದ್ರಲ್ಲ, ಅವತ್ತು ನಾನೂ ಕುಂತಿದ್ದೆ. ಬೀಗದ ಗುರುತು ಇದ್ರೆ ನಂಬ್ರಿ, ಇಲ್ದಿದ್ರೆ ಮುಟ್ಟಬ್ಯಾಡ್ರಿ ಅಂದಿದ್ರಿ. ನಮ್ಮ ಗೀತಾನ್ನ ಕಳಿಸೋದು ಐತೆ. ಅವರ ಸೈಟಿಗೆ ನೀವೇ ಬೀಗ ಹಾಕ್ತೀರಂತಲ್ಲ?"

"ಹೌದು, ನಾನೇ ಹಾಕ್ತೀನಿ."

"ಹಂಗಾದ್ರೆ ನಂಗೆ ಧೈರ್ಯ ಬಂತು ಬಿಡ್ರಿ. ಬೀಗ ಕಂಡ ಕೂಡ್ಲೆ ತುಂಬಿ ಕಳಿಸ್ತೀನಿ. ತುಂಬಿದ್ರೆ ಬೆಳಿಗ್ಗೆ ಗಾಡಿ ಬರ್ತೈತಂತೆ."

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ನಾನು ಹೇಳಿದ್ದು ಅರ್ಧ ಸತ್ಯ. ಬೀಗ ಇದ್ದರೆ ನಾವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಕದ್ದು ನೋಡಲಾರರು, ಅಷ್ಟೆ. ಆಚೆ ಕಡೆ ಕೂತವನು ಕಳ್ಳನೋ ಸಾಚಾನೋ ಎಂಬುದನ್ನು ಬೀಗ ಹೇಳುವುದಿಲ್ಲ. ಗೊತ್ತಿದ್ದೂ ನಾನು ಅದನ್ನು ಬಿಟ್ಟಿದ್ದೆ, ಸುಲಭವಾಗಿ ಹೇಳಿದರೆ ಚಪ್ಪಾಳೆ ಬೀಳುತ್ತದೆ ಅಂತ. ತಿಪ್ಪೇಸ್ವಾಮಿಯವರಿಗೆ ಫೋನಿನಲ್ಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ರಾತ್ರಿ ಅಂಗಡಿ ಮುಚ್ಚಿ ಬೈಕ್ ಹತ್ತಿದೆ. ಸೈಟಿನ ಪಾಸ್‌ವರ್ಡ್ ಮಹೇಶಣ್ಣನ ಆಫೀಸಿನ ಕಂಪ್ಯೂಟರಿನಲ್ಲೇ ಉಳಿದಿತ್ತು, ಅವನಿಗೂ ನೆನಪಿರಲಿಲ್ಲ. ಹಾಗಾಗಿ ಅಲ್ಲಿಗೇ ಹೋಗಬೇಕಾಯಿತು. ನ್ಯಾಮತಿ ತಲುಪುವಾಗ ಹನ್ನೊಂದು ದಾಟಿತ್ತು.

ಕೆಳಗೆ ಕೋಳಿ ಅಂಗಡಿ. ಅದರ ಮೇಲೆ ಮಹಡಿಯಲ್ಲಿ ಒಂದೇ ಕೋಣೆಯ ಆಫೀಸು, ಹಿಂದುಗಡೆ ಇನ್ನೊಂದು ಕೋಣೆಯ ಬಾಗಿಲು, ಅದಕ್ಕೆ ಈಚೆ ಕಡೆಯಿಂದ ಚಿಲಕ. ಅಂಗಡಿ ಮುಚ್ಚಿದ್ದರೂ ಪಂಜರದಲ್ಲಿ ಕೋಳಿಗಳು ಇದ್ದವು... ಆಗಾಗ ಒಂದು ಕುರ್ ಅನ್ನುತ್ತಿತ್ತು. ಹಸಿ ಪುಕ್ಕ, ರಕ್ತ, ಅದರ ಮೇಲೆ ಸುರಿದ ಫಿನೈಲ್, ಎಲ್ಲ ಸೇರಿ ಮೆಟ್ಟಿಲಿನುದ್ದಕ್ಕೂ ನಾತ. ಕೈಹಿಡಿಕೆ ಮುಟ್ಟಿದರೆ ಜಿಡ್ಡು. ಯಾವತ್ತಿನ ಹಾಗೆ ನಾನು ಕರವಸ್ತ್ರ ಮೂಗಿಗೆ ಹಿಡಿದೇ ಹತ್ತಿದೆ.

"ಅಭ್ಯಾಸ ಆಗ್ತೈತೆ ಬಿಡ್ರಿ," ಅಂತ ನಕ್ಕ ಮಹೇಶಣ್ಣ. "ನಾ ಮನೆಗೆ ಹೋಗಿ ಮಲಗ್ತೀನಿ. ಮುಗಿದ್ ಮ್ಯಾಲೆ ಬಾಗ್ಲು ಎಳ್ಕೊಂಡು ಹೋಗ್ರಿ."

ಅವನು ಹೋದ. ನಾನು ಕೆಲಸಕ್ಕೆ ಕೂತೆ.

ಕೆಲಸ ದೊಡ್ಡದಲ್ಲ. ವೆಬ್‌ಸೈಟಿನ ಕಂಟ್ರೋಲ್ ಪ್ಯಾನೆಲ್ ಅಂದರೆ ಅದರ ಒಳಮನೆ ಇದ್ದ ಹಾಗೆ. ಅಲ್ಲಿ ಹೋಗಿ ಒಂದು ಕೀ ತಯಾರಿಸಬೇಕು. ಸೈಟ್ ನಮ್ಮದೇ ಅಂತ ತೋರಿಸಿಕೊಟ್ಟರೆ, ಜಗತ್ತಿನ ಬ್ರೌಸರುಗಳೆಲ್ಲ ನಂಬುವ ಸಂಸ್ಥೆಯೊಂದು ಸರ್ಟಿಫಿಕೇಟ್ ಕೊಡುತ್ತದೆ. ಅದನ್ನು ತಂದು ಪ್ಯಾನೆಲ್‌ನಲ್ಲಿ ಅಂಟಿಸಿ ಇನ್‌ಸ್ಟಾಲ್ ಒತ್ತಿದರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಮುಗಿಸಿದೆ. ಮೊಬೈಲಿನಲ್ಲಿ ಸೈಟ್ ತೆಗೆದು ನೋಡಿದೆ, ಬೀಗ ಬಂದಿತ್ತು.

ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಇನ್ನೊಂದು ಸಲ ನೋಡಿದೆ. ಬೀಗ ಇರಲಿಲ್ಲ. ಸುರಕ್ಷಿತ ಅಲ್ಲ ಅಂತ ಕೆಂಪು ಅಕ್ಷರ.

ಮತ್ತೆ ಪ್ಯಾನೆಲ್ ತೆಗೆದೆ. ನಾನು ಹಾಕಿದ ಸರ್ಟಿಫಿಕೇಟ್ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಇನ್ನೊಂದಿತ್ತು. ಯಾವ ಸಂಸ್ಥೆಯೂ ಕೊಟ್ಟದ್ದಲ್ಲ, ಯಾರೋ ತಾವೇ ಮಾಡಿಕೊಂಡದ್ದು... ನಮ್ಮ ಗುರುತಿನ ಚೀಟಿಗೆ ನಾವೇ ಸಹಿ ಹಾಕಿಕೊಂಡಂತೆ. ಇಂಥದ್ದನ್ನು ಬ್ರೌಸರ್ ನಂಬುವುದಿಲ್ಲ. ಯಾರ ಹೆಸರಿನಲ್ಲಿದೆ ಅಂತ ನೋಡಿದೆ. ಅಲ್ಲಿ ಸೈಟಿನ ಹೆಸರು ಇರಬೇಕಿತ್ತು.

ಹೆಸರು: ಸುಮಿತ್ರಾ. ಊರು: ತ್ಯಾವಣಿಗೆ.

ಪ್ರತಿ ಸರ್ಟಿಫಿಕೇಟಿಗೂ ಶುರುವಾಗುವ ದಿನ, ಮುಗಿಯುವ ದಿನ ಅಂತ ಇರುತ್ತವೆ. ಇದು ಎರಡು ವರ್ಷದ ಹಿಂದೆ ಶುರುವಾಗಿ ಐದೇ ತಿಂಗಳಿಗೆ ಮುಗಿದುಹೋಗಿತ್ತು. ಮಹೇಶಣ್ಣ ಹಿಂದೆ ನನಗೆ ಹೇಳದೆ ಯಾರೋ ಅರೆಬರೆ ಕಲಿತವನ ಕೈಯಲ್ಲಿ ಮಾಡಿಸಿರಬೇಕು ಅಂದುಕೊಂಡೆ. ಬೈದುಕೊಳ್ಳುತ್ತ ಅಳಿಸಿದೆ. ನನ್ನದನ್ನು ಮತ್ತೆ ಹಾಕಿದೆ. ಬೀಗ ಬಂತು. ಎರಡು ನಿಮಿಷ ಕಣ್ಣು ಕೀಳದೆ ನೋಡುತ್ತ ಕೂತೆ.

ಹೋಯಿತು.

ಹೆಸರು: ರೇಣುಕಾ. ಊರು: ಸಾಸ್ವೆಹಳ್ಳಿ. ಶುರುವಾದದ್ದು ಹಿಂದಿನ ವರ್ಷ. ಮೂರು ತಿಂಗಳಿಗೆ ಮುಕ್ತಾಯ.

ಪ್ಯಾನೆಲ್‌ಗೆ ಯಾರು ಯಾರು ಬಂದಿದ್ದಾರೆ ಎಂಬ ಪಟ್ಟಿ ಇರುತ್ತದೆ, ಅದನ್ನು ತೆಗೆದೆ. ಆ ರಾತ್ರಿ ಒಳಗೆ ಬಂದದ್ದು ಒಬ್ಬರೇ. ನಾನು. ಇದೇ ಕೋಣೆಯಿಂದ, ಇದೇ ಕಂಪ್ಯೂಟರಿನಿಂದ...

ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೀಂಯ್ ಅನ್ನತೊಡಗಿತು. ಕಂಪ್ಯೂಟರ್ ಮಾತ್ರ ಉರಿಯುತ್ತಿತ್ತು. ಕೆಳಗೆ ಕೋಳಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ಆಗ ಬೇರೆ ವಾಸನೆ ಬಂತು. ಕೋಳಿಯದಲ್ಲ. ಹಳಸಿದ ಕೊಬ್ಬರಿ ಎಣ್ಣೆ, ಬಹಳ ದಿನ ತೊಳೆಯದ ತಲೆಗೂದಲು... ನನ್ನ ಕುರ್ಚಿಯ ಬೆನ್ನ ಹಿಂದೆಯೇ ಯಾರೋ ಬಗ್ಗಿ ಪರದೆ ನೋಡುತ್ತಿದ್ದಂತೆ, ಅಷ್ಟು ಹತ್ತಿರ. ತಿರುಗಿದೆ. ಯಾರೂ ಇರಲಿಲ್ಲ.

ಮೇಣದ ಬತ್ತಿ ಇದ್ದೀತೆಂದು ಮೇಜಿನ ಕೆಳಗಿನ ಡ್ರಾಯರ್ ಎಳೆದೆ. ವಾಸನೆ ಅಲ್ಲಿಂದ ಮುಖಕ್ಕೆ ರಾಚಿತು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ರಬ್ಬರ್ ಬ್ಯಾಂಡ್ ಹಾಕಿದ ಎರಡು ಪಾಸ್‌ಪೋರ್ಟು. ಇಲಿ ಉಚ್ಚೆಯಲ್ಲಿ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಜಿರಲೆ ಮೊಟ್ಟೆ. ರಬ್ಬರ್ ಬ್ಯಾಂಡಿಗೆ ಉದ್ದ ಕೂದಲು ಸುತ್ತಿಕೊಂಡಿತ್ತು. ಉಗುರಲ್ಲಿ ಬಿಡಿಸಿ ಮೊದಲ ಪುಟ ತೆಗೆದೆ.

ಸುಮಿತ್ರಾ, ತ್ಯಾವಣಿಗೆ. ಕೆಳಗಿನದು ರೇಣುಕಾ, ಸಾಸ್ವೆಹಳ್ಳಿ.

ಸೈಟಿನ ಮೊದಲ ಪುಟದಲ್ಲೇ ಇದೇ ಎರಡು ಮುಖಗಳ ಫೋಟೊ ಇತ್ತು, ಹೆಸರಿಲ್ಲದೆ. 'ಗಲ್ಫ್‌ನಲ್ಲಿ ಸುಖವಾಗಿರುವ ನಮ್ಮ ಹೆಣ್ಣುಮಕ್ಕಳು' ಅಂತ ಬರೆದು ಅಲ್ಲಿ ಹಾಕಿದವನು ನಾನೇ. ಪಾಸ್‌ಪೋರ್ಟ್ ಇಲ್ಲಿ ಕೊಳೆಯುತ್ತಿದ್ದರೆ ಇವರು ಹೋದದ್ದಾದರೂ ಎಲ್ಲಿಗೆ? ಕಸದ ಬುಟ್ಟಿ ಹಿಡಿದು ಅಲ್ಲೇ ವಾಂತಿ ಮಾಡಿಕೊಂಡೆ.

ತಲೆಯೆತ್ತಿದಾಗ ಪರದೆ ಬದಲಾಗಿತ್ತು. ಪ್ರಮಾಣ ಮಾಡಿ ಹೇಳುತ್ತೇನೆ, ನಾನು ಕೀಬೋರ್ಡ್ ಮುಟ್ಟಿರಲಿಲ್ಲ.

ಹೆಸರು: ಗೀತಾ. ಊರು: ಜಗಳೂರು. ಶುರುವಾಗುವ ದಿನ: ಅವತ್ತಿನದೇ. ಅದರ ಕೆಳಗೆ ಮುಗಿಯುವ ದಿನವೂ ಇತ್ತು. ಓದಿದೆ.

ಪಾಸ್‌ಪೋರ್ಟುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದೆ. ಹಿಂದಿನ ಬಾಗಿಲಿನ ಚಿಲಕ ಅಲುಗಾಡಿದ ಸದ್ದು ಕೇಳಿತು... ಗಾಳಿ ಇರಲಿಲ್ಲ. ತೆಗೆದು ನೋಡುವ ಗಂಡಸುತನ ನನ್ನಲ್ಲಿರಲಿಲ್ಲ. ಓಡಿದೆ, ಅಷ್ಟೆ.

ರಸ್ತೆಗೆ ಬಂದು ತಿಪ್ಪೇಸ್ವಾಮಿಯವರಿಗೆ ಫೋನ್ ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು.

"ಗೀತಾನ್ನ ಕಳಿಸಬ್ಯಾಡ್ರಿ. ಅರ್ಜಿ ತುಂಬಬ್ಯಾಡ್ರಿ," ಅಂದೆ.

"ಆಗ್ಲೇ ತುಂಬಿದೆ ಸರ್. ಬೀಗ ಬಂದಿದ್ದು ನೋಡಿದೆ. ನಿದ್ದಿ ಬರ್ಲಿಲ್ಲ, ನೋಡ್ತಾನೇ ಕುಂತಿದ್ದೆ."

ನನ್ನ ಬೀಗ ಇದ್ದದ್ದು ಎರಡೆರಡು ನಿಮಿಷ. ಅಷ್ಟರಲ್ಲೇ ಮುಗಿಸಿದ್ದರು.

"ಅದನ್ನ ನಂಬಬ್ಯಾಡ್ರಿ. ಆ ಮನುಷ್ಯ ಸರಿ ಇಲ್ಲ."

"ನೀವೇ ಬೀಗ ಹಾಕಿ ನೀವೇ ಬ್ಯಾಡ ಅಂದ್ರೆ ನಾವು ಯಾವ್ದನ್ನ ನಂಬ್ಬೇಕು ಸರ್? ಕುಡಿದಿದೀರೇನು? ಗಾಡಿ ನಸುಕಿಗೆ ನಾಲ್ಕಕ್ಕೆ ಬರ್ತೈತೆ." ಫೋನ್ ಇಟ್ಟರು. ಮತ್ತೆ ಎತ್ತಲಿಲ್ಲ.

ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರಿಗೆ ಹೇಗೆ ಬೈಕ್ ಓಡಿಸಿದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಆ ಎಣ್ಣೆ ಕಮಟು ಬೆನ್ನ ಹಿಂದೆಯೇ ಇತ್ತು. ಗಂಟೆಗೆ ಎಂಬತ್ತರಲ್ಲಿ ಹೋಗುವಾಗ ಹಿಂದಿನ ವಾಸನೆ ಮುಂದೆ ಬರುವುದು ಹೇಗೆ? ಕನ್ನಡಿ ನೋಡಲಿಲ್ಲ.

ಅವರ ಮನೆ ಮುಂದೆ ಬಿಳಿ ಗಾಡಿ ನಿಂತಿತ್ತು. ಇಪ್ಪತ್ತರ ಆಸುಪಾಸಿನ ಹುಡುಗಿ, ಹೊಸ ಚಪ್ಪಲಿ, ಬ್ಯಾಗ್ ಆಗಲೇ ಡಿಕ್ಕಿಯಲ್ಲಿ. ಕರವಸ್ತ್ರ ಬಿಚ್ಚಿ ಎರಡು ಪಾಸ್‌ಪೋರ್ಟನ್ನೂ ತಿಪ್ಪೇಸ್ವಾಮಿಯವರ ಕೈಗೆ ಇಟ್ಟೆ. ಅವರು ಪುಟ ತೆಗೆದು ಫೋಟೊ ನೋಡಿದರು, ಸುತ್ತಿಕೊಂಡಿದ್ದ ಕೂದಲು ನೋಡಿದರು. ಸೈಟಿನಲ್ಲಿ ನಗುತ್ತಿದ್ದ ಮುಖಗಳು ಅವರಿಗೂ ನೆನಪಿದ್ದವು.

"ಇವರು ಇಲ್ಲೇ ಅದಾರೇನು ಹಂಗಾದ್ರೆ?" ಅಂದರು, ಬಹಳ ಮೆಲ್ಲಗೆ. ಆಮೇಲೆ ಹೋಗಿ ಡಿಕ್ಕಿಯಿಂದ ಬ್ಯಾಗ್ ಎಳೆದುಕೊಂಡರು. ಡ್ರೈವರ್ ಒಂದು ಮಾತೂ ಕೇಳದೆ ಗಾಡಿ ತಿರುಗಿಸಿಕೊಂಡು ಹೋದ.

ಅವತ್ತೇ ಪೊಲೀಸರಿಗೆ ಎಲ್ಲ ಒಪ್ಪಿಸಿದೆ. ಅವರು ನ್ಯಾಮತಿಗೆ ಹೋಗುವಷ್ಟರಲ್ಲಿ ಮಹಡಿ ಖಾಲಿ. ಹಿಂದಿನ ಕೋಣೆಯಲ್ಲಿ ಒಂದು ಚಾಪೆ, ಎರಡು ತಟ್ಟೆ, ಅಷ್ಟೇ ಸಿಕ್ಕಿದ್ದು. ಮಹೇಶಣ್ಣ ಇವತ್ತಿಗೂ ಸಿಕ್ಕಿಲ್ಲ. ಆ ಹೆಣ್ಣುಮಕ್ಕಳೂ ಸಿಕ್ಕಿಲ್ಲ.

ತಡೆಯಲಾರದೆ ಒಂದು ದಿನ ತ್ಯಾವಣಿಗೆಗೆ ಹೋದೆ. ಸುಮಿತ್ರಾಳ ತಾಯಿ ಚಹಾ ಕೊಟ್ಟರು. ಮಗಳ ಫೋನ್ ಕೊನೆಗೆ ಬಂದ ದಿನವನ್ನು ಗೋಡೆಯ ಹಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರು. ಪರದೆಯ ಮೇಲೆ ಸುಮಿತ್ರಾಳ ಹೆಸರಿನಡಿ ನಾನು ಓದಿದ್ದ ಮುಗಿಯುವ ದಿನವೂ ಅದೇ.

"ಚೆನ್ನಾಗಿದೀನವ್ವ ಅಂತಿತ್ತು ಪ್ರತಿ ಸಲ," ಅಂದರು ಆ ತಾಯಿ. "ಮಾತಾಡೋವಾಗ ಹಿಂದ್ಗಡೆ ಬರೇ ಕೋಳಿ ಶಬ್ದ ಕೇಳ್ತಿತ್ತು. ಆ ದೇಶದಾಗೂ ಕೋಳಿ ಸಾಕ್ತಾರೇನೋ ಅಂದ್ಕೊಂಡೆ ಕಣಪ್ಪ."

ಚಹಾ ಅಲ್ಲೇ ಇಟ್ಟು ಹೊರಗೆ ಬಂದೆ. ಆ ಹಿಂದಿನ ಕೋಣೆಯ ಬಾಗಿಲ ಮುಂದೆ ನಿಂತು ಎಷ್ಟು ಸಲ ಮಹೇಶಣ್ಣನ ಜೊತೆ ನಗಾಡಿದ್ದೇನೆ, ಲೆಕ್ಕವಿಲ್ಲ. ನನ್ನ ಮೈಮೇಲೆ ನನಗೇ ಉಗುಳಬೇಕು ಅನ್ನಿಸಿತು.

ಗೀತಾ ಈಗ ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ತಿಪ್ಪೇಸ್ವಾಮಿಯವರು ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾರೆ. "ನೀವು ನಮ್ಮ ಪಾಲಿನ ದೇವ್ರು ಸರ್," ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಗೀತಾಳ ಹೆಸರಿನಲ್ಲೂ ಒಂದು ಮುಗಿಯುವ ದಿನ ಇತ್ತು, ಇನ್ನೂ ಬಾರದ ಆ ದಿನವನ್ನು ನಾನು ಓದಿದ್ದೇನೆ ಅಂತ ಅವರಿಗೆ ಹೇಳಿಲ್ಲ. ಅವಳು ಆ ಗಾಡಿ ಹತ್ತಲಿಲ್ಲ, ಇನ್ನು ಆ ದಿನಕ್ಕೆ ಅರ್ಥವಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೋದ ವಾರ ಅವರು ಮತ್ತೆ ಫೋನ್ ಮಾಡಿದ್ದರು. ಗೀತಾಗೆ ಗಂಡು ಗೊತ್ತಾಗಿದೆಯಂತೆ, ತಪ್ಪದೆ ಬರಬೇಕಂತೆ. ಮದುವೆ ಯಾವಾಗ ಅಂತ ಕೇಳಿದೆ.

ಅವರು ಹೇಳಿದ್ದು, ಅವತ್ತು ಪರದೆಯ ಮೇಲೆ ನಾನು ಓದಿದ್ದ ಅದೇ ದಿನ...